ಥ್ರಾಟಲ್ ಕೊಟ್ಟರೆ ಮೂಗೆತ್ತಿ ಎಡಕ್ಕೆ ಎಳೆಯುವ ಟ್ರೈನರ್: ಮೋಟಾರ್ ಎಷ್ಟು ಓರೆ ಇರಬೇಕು?

ಕೆರೆಯಂಗಳ:

ಎಲ್ಲರಿಗೂ ನಮಸ್ಕಾರ. ಏರೋಮಾಡೆಲಿಂಗ್ ಶುರುಮಾಡಿ ಒಂದು ವರ್ಷ ಆಯಿತು. ತುಮಕೂರಿನ ಹತ್ತಿರ ಒಣಗಿದ ಕೆರೆಯ ಅಂಗಳದಲ್ಲಿ ಬೆಳಗಿನ ಹೊತ್ತು ಹಾರಿಸುತ್ತೇನೆ. ಈಗಿನದು ನಾನೇ ಕಟ್ಟಿದ ಎರಡನೇ ವಿಮಾನ. ರೆಕ್ಕೆ ಮೇಲಿರುವ ಟ್ರೈನರ್ (ಹಾರಿಸಲು ಕಲಿಯುವವರ ವಿಮಾನ), ತುದಿಯಿಂದ ತುದಿಗೆ 1200 ಮಿ.ಮೀ., ಕಾರ್ಡ್ (ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 200 ಮಿ.ಮೀ., ರೆಕ್ಕೆಯ ಅಡಿ ಚಪ್ಪಟೆ. ಫೋಮ್‌ಬೋರ್ಡ್ ಮೈ, 3 ಮಿ.ಮೀ. ಪ್ಲೈವುಡ್ ಫೈರ್‌ವಾಲ್ (ಮೋಟಾರ್ ಕೂರುವ ಮೂಗಿನ ಹಲಗೆ), ಎ2212 1000 ಕೆವಿ ಮೋಟಾರ್, 10×4.5 ಇಂಚಿನ ಪ್ರೊಪೆಲ್ಲರ್, 3ಎಸ್ 2200 ಬ್ಯಾಟರಿ.

ಅರ್ಧ ಥ್ರಾಟಲ್‌ನಲ್ಲಿ ಟ್ರಿಮ್ ಮಾಡಿದರೆ (ಕೈಬಿಟ್ಟರೂ ನೇರ ಹೋಗುವಂತೆ ಹೊಂದಿಸಿದರೆ) ಚೆನ್ನಾಗಿಯೇ ಹಾರುತ್ತದೆ. ಪೂರ್ತಿ ಕೊಟ್ಟರೆ ಮೂಗು ಏಳುತ್ತಾ ಹೋಗಿ ಲೂಪ್ ಹೊಡೆಯುವಷ್ಟಾಗುತ್ತದೆ, ಜೊತೆಗೆ ಎಡಕ್ಕೆ ಎಳೆಯುತ್ತದೆ. ಮೈದಾನದಲ್ಲಿ ಒಬ್ಬರು ಡೌನ್ ಥ್ರಸ್ಟ್ ಕೊಡಿ, ಅಂದರೆ ಮೋಟಾರಿನ ಮುಖ ಸ್ವಲ್ಪ ಕೆಳಕ್ಕೆ ಓರೆ ಇಡಿ ಎಂದರು. ಮೋಟಾರ್ ಮೌಂಟಿನ ಮೇಲಿನ ಎರಡು ಸ್ಕ್ರೂಗಳ ಹಿಂದೆ ವಾಷರ್ ಹಾಕುತ್ತಾ ಬಂದೆ. ಈಗ ಐದೈದು ವಾಷರ್ ಇವೆ, ನನ್ನ ಲೆಕ್ಕದಲ್ಲಿ ಸುಮಾರು 6 ಡಿಗ್ರಿ. ಕಣ್ಣಿಗೇ ಕಾಣುವಷ್ಟು ಮೋಟಾರ್ ತಲೆ ಬಗ್ಗಿಸಿದೆ. ಆದರೂ ಮೂಗು ಏಳುವುದು ನಿಂತಿಲ್ಲ. ಇನ್ನೂ ಸೇರಿಸಲೇ?

ಮೂರನೇಸೆಮ್:

ನಮ್ಮ ಕಾಲೇಜು ತಂಡದ ವಿಮಾನಕ್ಕೂ ಇದೇ ತೊಂದರೆ. ವಿಡಿಯೊ ನೋಡಿ 3 ಡಿಗ್ರಿ ಬಲಕ್ಕೆ, 3 ಡಿಗ್ರಿ ಕೆಳಕ್ಕೆ ಕೊಟ್ಟೆವು. ಎಲ್ಲ ವಿಮಾನಕ್ಕೂ ಅದೇ ಅಂಕಿ ಅಲ್ಲವೇ?

ಬಾಲ್ಸಾಧೂಳು:

ಕೆರೆಯಂಗಳ ಅವರೇ, ದಯವಿಟ್ಟು ಇನ್ನೊಂದು ವಾಷರ್ ಹಾಕಬೇಡಿ. 6 ಡಿಗ್ರಿ ಕೊಟ್ಟ ಮೇಲೂ ಮೂಗು ಏಳುತ್ತಿದ್ದರೆ ದೋಷ ಬೇರೆಲ್ಲೋ ಇದೆ, ನೀವು ಮೋಟಾರಿಗೆ ಶಿಕ್ಷೆ ಕೊಡುತ್ತಿದ್ದೀರಿ.

ನೀವು ಬರೆಯದೆ ಬಿಟ್ಟ ಒಂದು ವಿಷಯವೇ ನನಗೆ ಬೇಕು. ಥ್ರಾಟಲ್ ತಳ್ಳಿದ ಕ್ಷಣಕ್ಕೇ ಮೂಗು ಏಳುತ್ತದೆಯೋ, ಇಲ್ಲ ವಿಮಾನ ವೇಗ ಹಿಡಿದು ಒಂದೆರಡು ಸೆಕೆಂಡ್ ಕಳೆದ ಮೇಲೆ ಏಳುತ್ತದೆಯೋ? ಎರಡೂ ನೋಡಲು ಒಂದೇ ಥರ ಇರುತ್ತವೆ, ಕಾರಣ ಮಾತ್ರ ಪೂರ್ತಿ ಬೇರೆ.

ಪ್ರೊಪೆಲ್ಲರಿನ ಎಳೆತ ಥ್ರಾಟಲ್ ಜೊತೆಗೇ ಬರುತ್ತದೆ. ರೆಕ್ಕೆ ಮೇಲಿರುವ ವಿಮಾನದಲ್ಲಿ ಗಾಳಿಯ ತಡೆಯ ಹೆಚ್ಚಿನ ಪಾಲು ಮೇಲೆ, ರೆಕ್ಕೆಯಲ್ಲಿ ಇರುತ್ತದೆ. ಮೋಟಾರ್ ಎಳೆಯುವುದು ಅದಕ್ಕಿಂತ ಕೆಳಗಿನಿಂದ. ಮೇಲೆ ಹಿಡಿದುಕೊಂಡು ಕೆಳಗೆ ಎಳೆದರೆ ಮೂಗು ತಿರುಗುವುದು ಮೇಲಕ್ಕೇ. ಇದು ಥ್ರಸ್ಟ್ ಲೈನಿನ (ಮೋಟಾರ್ ಎಳೆಯುವ ಗೆರೆಯ) ಲಕ್ಷಣ, ತಡವಿಲ್ಲದೆ ಕಾಣುತ್ತದೆ. ಡೌನ್ ಥ್ರಸ್ಟ್ ಇರುವುದು ಇದಕ್ಕೆ.

ವೇಗ ಹಾಗಲ್ಲ, ನಿಧಾನವಾಗಿ ಏರುತ್ತದೆ. ನಿಮ್ಮ ಭಾರಕೇಂದ್ರ ತೀರಾ ಮುಂದಿದ್ದರೆ ಮೂಗನ್ನು ಎತ್ತಿ ಹಿಡಿಯಲು ಬಾಲ ಕೆಳಕ್ಕೆ ಒತ್ತುತ್ತಲೇ ಇರಬೇಕು. ಅರ್ಧ ಥ್ರಾಟಲ್‌ನಲ್ಲಿ ಟ್ರಿಮ್ ಮಾಡುವಾಗ ನಿಮಗೆ ಗೊತ್ತಿಲ್ಲದೆಯೇ ಆ ಒತ್ತನ್ನು ಹೊಂದಿಸಿರುತ್ತೀರಿ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಬಾಲದ ಒತ್ತು ನಾಲ್ಕು ಪಟ್ಟು. ಮೂಗು ಏಳದೆ ಇನ್ನೇನಾಗುತ್ತದೆ? ರೆಕ್ಕೆಗೂ ಬಾಲಕ್ಕೂ ನಡುವಿನ ಕೋನ ಜಾಸ್ತಿ ಇದ್ದರೂ ಇದೇ ಕಥೆ. ಇದನ್ನು ಮೋಟಾರ್ ಬಗ್ಗಿಸಿ ಮುಚ್ಚಬಹುದು, ಆದರೆ ಅದು ಒಂದು ವೇಗಕ್ಕೆ ಮಾತ್ರ ಸರಿಹೋಗುತ್ತದೆ. ಥ್ರಾಟಲ್ ಇಳಿಸಿ ಲ್ಯಾಂಡಿಂಗಿಗೆ ಬಂದಾಗ ವಿಮಾನದ ನಡವಳಿಕೆಯೇ ಬದಲಾಗಿರುತ್ತದೆ.

ಪರೀಕ್ಷೆ ಹೀಗೆ ಮಾಡಿ. ಗಾಳಿ ಇಲ್ಲದ ಬೆಳಗ್ಗೆ, ಎತ್ತರದಲ್ಲಿ, ಅರ್ಧ ಥ್ರಾಟಲ್‌ನಲ್ಲಿ ಕೈಬಿಟ್ಟರೂ ನೇರ ಹೋಗುವಂತೆ ಟ್ರಿಮ್ ಮಾಡಿ. ಆಮೇಲೆ ಒಮ್ಮೆಗೇ ಪೂರ್ತಿ ಥ್ರಾಟಲ್. ಎಲಿವೇಟರ್ (ಮೂಗನ್ನು ಮೇಲೆ-ಕೆಳಗೆ ಮಾಡುವ ಬಾಲದ ಪಟ್ಟಿ) ಮುಟ್ಟಬೇಡಿ, ಮನಸ್ಸಿನಲ್ಲಿ ಎಣಿಸಿ. ಇನ್ನೊಂದು ಸಲ ಥ್ರಾಟಲ್ ಪೂರ್ತಿ ಇಳಿಸಿ ಸುಮಾರು 45 ಡಿಗ್ರಿ ಇಳಿಜಾರಿನಲ್ಲಿ ಬಿಟ್ಟು ಕೈ ತೆಗೆಯಿರಿ. ಬೇಗನೆ ಮೂಗೆತ್ತಿ ಎದ್ದರೆ ಭಾರ ಮುಂದಿದೆ. ಇನ್ನೂ ಕೆಳಕ್ಕೆ ಮಡಚಿಕೊಂಡು ಹೋದರೆ ಭಾರ ತೀರಾ ಹಿಂದಿದೆ, ತಕ್ಷಣ ಎತ್ತಿಕೊಳ್ಳಿ. ಈ ಇಳಿತದಲ್ಲಿ ಮೋಟಾರ್ ಎಳೆಯುತ್ತಲೇ ಇಲ್ಲ, ಹಾಗಾಗಿ ಇಲ್ಲಿ ಕಾಣುವ ತಪ್ಪು ಮೋಟಾರಿನದಾಗಿರಲು ಸಾಧ್ಯವಿಲ್ಲ.

ಮೂರನೇಸೆಮ್, ನಿಮ್ಮ ಪ್ರಶ್ನೆಗೆ: 2-3 ಡಿಗ್ರಿ ಶುರುಮಾಡಲು ಒಳ್ಳೆಯ ಅಂಕಿ. ಆದರೆ ಮುಗಿಸುವ ಅಂಕಿಯನ್ನು ವಿಮಾನವೇ ಹೇಳಬೇಕು. ದೊಡ್ಡ ಪ್ರೊಪೆಲ್ಲರ್, ನಿಧಾನದ ಹಾರಾಟ, ಗಿಡ್ಡ ಮೂಗು, ಇವೆಲ್ಲ ಆ ಅಂಕಿಯನ್ನು ಬದಲಿಸುತ್ತವೆ.

ಹುಬ್ಬಳ್ಳಿಹಕ್ಕಿ:

ಹಿರಿಯರು ಹೇಳಿದ್ದು ಖರೇ ಐತಿ. ನಾ ಒಂದು ಮಾತು ಸೇರಸ್ತೀನಿ. ಹಾರಸೂಕ್ಕಿಂತ ಮೊದ್ಲ ಮೋಟಾರ್ ಈಗ ಯಾವ ಕಡೆ ನೋಡಾಕತ್ತೈತಿ ಅಂತ ಅಳೀರಿ. ವಾಷರ್ ಎಣಿಸಿದ್ರ ಆಗೂದಿಲ್ಲ. ಫೈರ್‌ವಾಲ್ ಅಂಟಸುವಾಗನ ಸೊಟ್ಟ ಕುಂತಿದ್ರ ಎಣಿಕಿ ಎಲ್ಲಾ ಸುಳ್ಳ ಆಗ್ತದ.

ಬ್ಯಾಟರಿ ತಗೀರಿ, ಇದು ಮೊದಲನೇ ಕೆಲಸ. ಪ್ರೊಪೆಲ್ಲರ್ ಅಡ್ಡ ಮಾಡ್ರಿ. ಫಿನ್ (ಬಾಲದ ಮ್ಯಾಲೆ ನೆಟ್ಟಗ ನಿಂತ ಪಟ್ಟಿ) ಬುಡದಾಗ ನಟ್ಟನಡುವ ಒಂದು ಗುಂಡುಸೂಜಿ ಚುಚ್ಚಿ ಅಲ್ಲಿಂದ ದಾರ ಹಿಡೀರಿ. ಬಲಗಡೆ ತುದಿತನಾ ಅಳತಿ ತಗೊಂಡು ಗುರುತು ಮಾಡ್ರಿ. ಈಗ ಪ್ರೊಪೆಲ್ಲರ್ ಅರ್ಧ ಸುತ್ತು ತಿರುಗಿಸಿ ಅದೇ ತುದಿ ಎಡಕ್ಕ ತಂದು ಮತ್ತ ಅಳೀರಿ. ಬ್ಯಾರೆ ತುದಿ ಹಿಡದ್ರ ಪ್ರೊಪೆಲ್ಲರಿನ ಸೊಟ್ಟೂ ಲೆಕ್ಕದಾಗ ಸೇರ್ತದ. 10 ಇಂಚು ಅಂದ್ರ 254 ಮಿ.ಮೀ., ಒಂದು ಡಿಗ್ರಿಗೆ ಎರಡೂ ಕಡಿ ಅಳತಿಯೊಳಗ ಸುಮಾರು 4.4 ಮಿ.ಮೀ. ಫರಕ ಬರ್ತದ. ಮೋಟಾರ್ ಬಲಕ್ಕ ನೋಡಾಕತ್ತಿದ್ರ ಎಡಗಡೆ ತುದಿ ಬಾಲದಿಂದ ದೂರ ಇರ್ತದ.

ಕೆಳಗ-ಮ್ಯಾಲಿಂದು ಅಳೀಲಿಕ್ಕೆ ಮೈ ಅಡ್ಡ ಬರ್ತದ, ದಾರ ನಡ್ಯೂದಿಲ್ಲ. ಬಾಲದ ಅಡ್ಡಪಟ್ಟಿ ಮಟ್ಟ ಆಗೂಹಂಗ ವಿಮಾನಾ ಟೇಬಲ್ ಮ್ಯಾಲೆ ಇಟ್ಟು, ಪ್ರೊಪೆಲ್ಲರ್ ನೆಟ್ಟಗ ನಿಲ್ಲಿಸಿ, ಮೂಲೆಮಟ್ಟ ಹಚ್ಚಿ ಎರಡು ತುದಿ ಎಷ್ಟು ಹಿಂದ-ಮುಂದ ಅದಾವ ನೋಡ್ರಿ.

ಇನ್ನೊಂದು. ಎಡ-ಬಲ ಅನ್ನೂದು ಪೈಲಟ್ ಕುಂತ ಕಡಿಯಿಂದ, ಅಂದ್ರ ಬಾಲದಿಂದ ಮೂಗಿನ ಕಡೆ ನೋಡಿದಾಗ. ಸ್ಕ್ರೂ ಬಿಗಿ ಮಾಡುವಾಗ ನಾವು ಮುಂದ ನಿಂತಿರ್ತೀವಿ. ಹಿಂಗಾಗಿ ನಾ ಒಮ್ಮೆ ತಿರುವುಮುರುವು ಹಾಕಿ, ಎಡಕ್ಕ 2 ಡಿಗ್ರಿ ಕೊಟ್ಟು ಹಾರಿಸಿ, ಟೇಕಾಫ್‌ನಾಗ ಬೇಲಿಗಿ ಹೋಗಿ ಬಿದ್ದಿತ್ತು.

ಕಡಲತಡಿ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ ಮಾರಾಯ್ರೆ. ವಾಷರ್, ದಾರ, ಮೂಲೆಮಟ್ಟ ಇದೆಲ್ಲ ಯಾಕೆ? ಈಗ ಕಡಿಮೆ ಬೆಲೆಯ ರೇಡಿಯೊದಲ್ಲೂ ಮಿಕ್ಸಿಂಗ್ ಉಂಟಲ್ಲ. ಥ್ರಾಟಲ್ ಏರಿಸಿದಷ್ಟೂ ಸ್ವಲ್ಪ ಡೌನ್ ಎಲಿವೇಟರ್, ಸ್ವಲ್ಪ ಬಲ ರಡ್ಡರ್ (ಮೂಗನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಬರುವ ಹಾಗೆ ಹಾಕಿದರೆ ಕೆಲಸ ಮುಗಿಯಿತು. ಮಂಗಳೂರಿನ ಕಡೆ ನಾವು ಮೂರು ವಿಮಾನ ಹಾಗೆಯೇ ಹಾರಿಸುತ್ತಿದ್ದೇವೆ.

ಬಾಲ್ಸಾಧೂಳು:

ಮಿಕ್ಸಿಂಗ್ ಕೆಲಸ ಮಾಡುತ್ತದೆ, ನಾನೂ ಬಳಸುತ್ತೇನೆ. ಆದರೆ ಕೊನೆಯ ಅರ್ಧ ಡಿಗ್ರಿಗೆ ಮಾತ್ರ. ಕಾರಣ ಹೇಳುತ್ತೇನೆ.

ರಡ್ಡರಿನ ಬಲ ಗಾಳಿಯ ವೇಗದ ಮೇಲೆ ನಿಂತಿದೆ, ಥ್ರಾಟಲ್ ಕಡ್ಡಿ ಎಲ್ಲಿದೆ ಎಂಬುದರ ಮೇಲೆ ಅಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ನೆಲದಿಂದ ನಿಧಾನವಾಗಿ ಏಳುವಾಗ ಎಳೆತ ಜಾಸ್ತಿ, ರಡ್ಡರಿಗೆ ಗಾಳಿ ಕಡಿಮೆ, ಮಿಕ್ಸ್ ಸಾಲದು. ಅದೇ ಥ್ರಾಟಲ್‌ನಲ್ಲಿ ಜೋರಾಗಿ ಹೋಗುವಾಗ ರಡ್ಡರಿಗೆ ಗಾಳಿ ಜಾಸ್ತಿ, ಅದೇ ಮಿಕ್ಸ್ ಅತಿಯಾಗುತ್ತದೆ. ಮೋಟಾರನ್ನೇ ಓರೆ ಇಟ್ಟರೆ ತಿದ್ದುಪಡಿ ಎಳೆತದ ಜೊತೆಗೇ ಹುಟ್ಟಿ ಎಳೆತದ ಜೊತೆಗೇ ಹೋಗುತ್ತದೆ. ಅಲ್ಲದೆ ಡೈಹೆಡ್ರಲ್ ಇರುವ, ಅಂದರೆ ರೆಕ್ಕೆಯ ತುದಿಗಳು ಮೇಲಕ್ಕೆದ್ದಿರುವ, ಟ್ರೈನರಿನಲ್ಲಿ ರಡ್ಡರ್ ಕೊಟ್ಟರೆ ವಿಮಾನ ಉರುಳುತ್ತದೆ ಕೂಡ. ಆಗ ಎಲೆರಾನ್ (ಉರುಳುವುದನ್ನು ಹಿಡಿಯುವ ರೆಕ್ಕೆಯ ಪಟ್ಟಿ) ಮಿಕ್ಸ್, ಅದರ ಮೇಲೆ ಇನ್ನೊಂದು.

ಎಡಕ್ಕೆ ಎಳೆಯುವುದರ ಬಗ್ಗೆಯೂ ಇಲ್ಲೇ ಹೇಳುತ್ತೇನೆ, ಏಕೆಂದರೆ ತುಂಬ ಜನ ಇದನ್ನು ಟಾರ್ಕ್ ಎಂದು ಒಂದೇ ಪದದಲ್ಲಿ ಮುಗಿಸುತ್ತಾರೆ. ಮಾಮೂಲಿ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಅದರ ಪ್ರತಿಕ್ರಿಯೆಯಾಗಿ ವಿಮಾನದ ಮೈ ಎಡಕ್ಕೆ ಉರುಳಲು ನೋಡುತ್ತದೆ. ಟಾರ್ಕ್ ಎಂದರೆ ಇಷ್ಟೇ. ಮೂಗು ಎಡಕ್ಕೆ ತಿರುಗುವುದಕ್ಕೆ ದೊಡ್ಡ ಕಾರಣ ಪ್ರೊಪೆಲ್ಲರಿನ ಗಾಳಿ. ಅದು ನೇರ ಹಿಂದಕ್ಕೆ ಹೋಗುವುದಿಲ್ಲ, ಮೈಸುತ್ತ ಸುರುಳಿ ಸುತ್ತಿಕೊಂಡು ಹೋಗಿ ಫಿನ್ನಿನ ಎಡಮುಖಕ್ಕೆ ಬಡಿಯುತ್ತದೆ. ಬಾಲ ಬಲಕ್ಕೆ ಹೋದರೆ ಮೂಗು ಎಡಕ್ಕೆ. ಇನ್ನೊಂದು ಕಾರಣ, ಮೂಗು ಮೇಲಿಟ್ಟು ನಿಧಾನವಾಗಿ ಏರುವಾಗ ಬಲಗಡೆ ಕೆಳಕ್ಕಿಳಿಯುವ ಬ್ಲೇಡು ಗಾಳಿಯನ್ನು ಹೆಚ್ಚು ಕೋನದಲ್ಲಿ ಕಡಿಯುತ್ತದೆ, ಅದರ ಎಳೆತ ಜಾಸ್ತಿ. ಇದಕ್ಕೆ ಪಿ-ಫ್ಯಾಕ್ಟರ್ ಎನ್ನುತ್ತಾರೆ. ರೈಟ್ ಥ್ರಸ್ಟ್ (ಮೋಟಾರನ್ನು ಬಲಕ್ಕೆ ಓರೆ ಇಡುವುದು) ಸರಿಪಡಿಸುವುದು ಈ ತಿರುಗುವಿಕೆಯನ್ನು. ಉರುಳುವಿಕೆಯನ್ನು ಅದು ನೇರವಾಗಿ ಸರಿಪಡಿಸುವುದಿಲ್ಲ. ನಿಮ್ಮದು ಎಡಕ್ಕೆ ಉರುಳುತ್ತಿದೆಯೋ, ರೆಕ್ಕೆ ಮಟ್ಟವಾಗಿದ್ದೂ ಮೂಗು ಎಡಕ್ಕೆ ಹೋಗುತ್ತಿದೆಯೋ ನೋಡಿ ಹೇಳಿ.

ಕಡಲತಡಿ:

ನೀವು ಹೇಳಿದ್ದು ಸರಿ ಅನಿಸಿತು. ನಮ್ಮ ಒಂದು ವಿಮಾನ ಟೇಕಾಫ್‌ನಲ್ಲಿ ಎಡಕ್ಕೂ ಜೋರು ಹೋಗುವಾಗ ಬಲಕ್ಕೂ ಹೋಗುತ್ತದೆ. ಗಾಳಿಯ ತಪ್ಪು ಅಂತ ಇಷ್ಟು ದಿನ ಗ್ರಹಿಸಿದ್ದೆ. ಮಿಕ್ಸ್ ತೆಗೆದು ನೋಡುತ್ತೇನೆ.

ಕೆರೆಯಂಗಳ:

ಇವತ್ತು ಹಾರಿಸಲಿಲ್ಲ, ಅಳತೆ ಮಾತ್ರ ಮಾಡಿದೆ.

ಮೇಲೆ-ಕೆಳಗೆ ಎರಡು ತುದಿಗೂ 25 ಮಿ.ಮೀ. ವ್ಯತ್ಯಾಸ, ಅಂದರೆ ಡೌನ್ ಥ್ರಸ್ಟ್ 6 ಡಿಗ್ರಿಗೆ ಹತ್ತಿರ, ನನ್ನ ಲೆಕ್ಕ ಸರಿ ಇತ್ತು. ಎಡ-ಬಲ ಅಳೆದಾಗ ನಂಬಲಾಗಲಿಲ್ಲ. ಬಲಗಡೆ ತುದಿ 5 ಮಿ.ಮೀ. ದೂರ ಇದೆ. ಮೂರು ಸಲ ಅಳೆದೆ, ಅಷ್ಟೇ. ಮೋಟಾರ್ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಎಡಕ್ಕೇ ನೋಡುತ್ತಿದೆ. ಫೈರ್‌ವಾಲ್ ಅಂಟಿಸಿದ ರಾತ್ರಿ ಅದಕ್ಕೆ ಕ್ಲಿಪ್ ಹಾಕಿ ಮಲಗಿದ್ದೆ, ಬಹುಶಃ ಅಲ್ಲೇ ಜಾರಿದೆ.

ಭಾರಕೇಂದ್ರವನ್ನೂ ಬೆರಳ ಮೇಲೆ ಇಟ್ಟು ನೋಡಿದೆ. ರೆಕ್ಕೆಯ ಮುಂದಿನ ಅಂಚಿನಿಂದ 42 ಮಿ.ಮೀ.

ಬಾಲ್ಸಾಧೂಳು:

200 ಮಿ.ಮೀ. ಕಾರ್ಡಿಗೆ 42 ಎಂದರೆ ಶೇ 21. ಇಂಥ ಟ್ರೈನರಿಗೆ ಶೇ 25ರಿಂದ 30, ಅಂದರೆ 50ರಿಂದ 60 ಮಿ.ಮೀ. ನಡುವೆ ಇಡುವುದು ರೂಢಿ. ಬ್ಯಾಟರಿ ಹಿಂದಕ್ಕೆ ಸರಿಸಿ ಮೊದಲು 50ಕ್ಕೆ ತನ್ನಿ, ಹಾರಿಸಿ, ಆಮೇಲೆ ಎರಡೆರಡು ಮಿ.ಮೀ. ಒಮ್ಮೆಗೇ 60ಕ್ಕೆ ಹೋಗಬೇಡಿ, ಎಲಿವೇಟರ್ ಚುರುಕಾಗಿ ಕೈ ತಪ್ಪುತ್ತದೆ.

ಮೋಟಾರಿನ ವಾಷರ್ ಎಲ್ಲ ತೆಗೆದುಬಿಡಿ. ಎಡದ ತಪ್ಪನ್ನು ಮಾತ್ರ ಈಗಲೇ ಸರಿಮಾಡಿ.

ಮೂರನೇಸೆಮ್:

ವಾಷರ್ ಲೆಕ್ಕ ಹೇಗೆ ಮಾಡುವುದು ಸರ್? ನಾವು ಅಂದಾಜಿನಲ್ಲಿ ಹಾಕಿದ್ದೆವು.

ಹುಬ್ಬಳ್ಳಿಹಕ್ಕಿ:

ತಮ್ಮಾ, ಬಾಳ ಸರಳ ಐತಿ. ಮೌಂಟಿನ ಎಡಗಡೆ ಸ್ಕ್ರೂ ಸಾಲಿನಿಂದ ಬಲಗಡೆ ಸಾಲಿಗೆ ಎಷ್ಟು ಅಂತರ ಐತಿ ಅಳಿ. ವಾಷರ್ ದಪ್ಪಾ ಆ ಅಂತರದಿಂದ ಭಾಗಿಸಿ 57ರಿಂದ ಗುಣಿಸಿದ್ರ ಡಿಗ್ರಿ ಬರ್ತದ. ಅಂತರ 25 ಮಿ.ಮೀ. ಇದ್ದು 1 ಮಿ.ಮೀ. ಎತ್ತರಿಸಿದ್ರ ಸುಮಾರು 2.3 ಡಿಗ್ರಿ. ಸಾದಾ ಎಂ3 ವಾಷರ್ ಅರ್ಧ ಮಿ.ಮೀ. ದಪ್ಪ ಇರ್ತದ, ಅಂದ್ರ ಒಂದು ವಾಷರಿಗೆ 1.1 ಡಿಗ್ರಿಗಿಂತ ಚೂರು ಜಾಸ್ತಿ. ಬಲಕ್ಕ ಬೇಕಂದ್ರ ಎಡಗಡೆ ಎರಡೂ ಸ್ಕ್ರೂವಿನ ಹಿಂದ ಹಾಕು, ಕೆಳಕ್ಕ ಬೇಕಂದ್ರ ಮ್ಯಾಲಿನ ಎರಡರ ಹಿಂದ. ಎಡ-ಮ್ಯಾಲಿನ ಸ್ಕ್ರೂ ಎರಡು ಲೆಕ್ಕದಾಗೂ ಬರ್ತದ, ಅದಕ್ಕ ಕೂಡಿಸಿ ಹಾಕಬೇಕು. ಒಂದರ ಕೆಳಗ ಬಿಟ್ಟು ಉಳದಿದ್ದು ಹಾಕಿದ್ರ ಅಲ್ಯೂಮಿನಿಯಂ ಮೌಂಟ್ ತಿರುಚಿಕೊಂತದ.

ಇನ್ನ ನಡುಗೂದು. ನಿಂತಾಗ ಅಳದ ಕೋನಾ ಓಡುವಾಗ ಇರ್ತದಂತ ಏನೂ ಗ್ಯಾರಂಟಿ ಇಲ್ಲ. ಬ್ಯಾಟರಿ ತಗದು, ಮೋಟಾರ್ ಹಿಡದು ಬೆರಳಿಲೆ ಎಡಕ್ಕ-ಬಲಕ್ಕ, ಮ್ಯಾಲೆ-ಕೆಳಗ ಒತ್ತಿ ನೋಡ್ರಿ. ಫೋಮ್‌ಬೋರ್ಡಿಗೆ ಅಂಟಿಸಿದ ಪ್ಲೈ ಕದಲ್ತಿದ್ರ, ಪೂರ್ತಿ ಎಳೆತದಾಗ ಇನ್ನೂ ಕದಲ್ತದ. ಕೆರೆಯಂಗಳ ಅವ್ರು ಇದನ್ನ ನೋಡ್ರಿ ಅಂತ ನನ್ನ ವಿನಂತಿ. ಒಳಗಿನ ಮೂಲಿಗೆ ತ್ರಿಕೋನದ ಬಾಲ್ಸಾ ತುಂಡು ಎಪಾಕ್ಸಿ ಹಚ್ಚಿ ಕೂಡಿಸಿದ್ರ ಗಟ್ಟಿ ಆಗ್ತದ.

ರೆಕ್ಕೆಜೋಡಿ:

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ಹಳೆಯ ಕಾಲದ ತರಬೇತಿ ವಿಮಾನ ಟೈಗರ್ ಮಾತ್‌ನ ಸ್ಕೇಲ್ ಮಾದರಿ ಕಟ್ಟುತ್ತಿದ್ದೇನೆ. ನಿಜವಾದ ವಿಮಾನದ ಜಿಪ್ಸಿ ಮೇಜರ್ ಎಂಜಿನ್ ಎಡಕ್ಕೆ ತಿರುಗುತ್ತಿತ್ತು ಎಂದು ಓದಿದೆ. ನನ್ನ ಎಲೆಕ್ಟ್ರಿಕ್ ಮೋಟಾರಿಗೆ ಆಗಲೂ ರೈಟ್ ಥ್ರಸ್ಟ್ ಬೇಕೇ?

ಬಾಲ್ಸಾಧೂಳು:

ಒಳ್ಳೆಯ ಪ್ರಶ್ನೆ. ಹೌದು, ಕಾಕ್‌ಪಿಟ್‌ನಿಂದ ನೋಡಿದರೆ ಆ ಎಂಜಿನ್ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಹಾಗಾಗಿ ಟೈಗರ್ ಮಾತ್ ಟೇಕಾಫ್‌ನಲ್ಲಿ ಬಲಕ್ಕೆ ಎಳೆಯುತ್ತದೆ, ಪೈಲಟ್ ಎಡ ರಡ್ಡರ್ ಒತ್ತಬೇಕು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ 1951ರ ಆಗಸ್ಟ್ 5ರಂದು ಮೊದಲ ಸಲ ಹಾರಿದ ತರಬೇತಿ ವಿಮಾನ ಎಚ್‌ಟಿ-2 ಬರುವ ಮುಂಚೆ ನಮ್ಮ ದೇಶದ ಎಷ್ಟೋ ಪೈಲಟ್‌ಗಳು ಕಾಲಿನ ಈ ಅಭ್ಯಾಸ ಕಲಿತದ್ದು ಟೈಗರ್ ಮಾತ್‌ನಲ್ಲೇ.

ನಿಮ್ಮ ಮಾದರಿಯಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಪ್ರೊಪೆಲ್ಲರ್ ತಿರುಗುವ ದಿಕ್ಕು ಮಾತ್ರ. ಮಾಮೂಲಿ ಪ್ರೊಪೆಲ್ಲರ್ ಹಾಕಿದರೆ ರೈಟ್ ಥ್ರಸ್ಟ್ ಬೇಕು, ನಿಜವಾದ ವಿಮಾನ ಹೇಗಿತ್ತು ಎಂಬುದು ಮುಖ್ಯವಲ್ಲ. ನಿಜದಂತೆಯೇ ಇರಲಿ ಎನಿಸಿದರೆ ಬ್ರಷ್‌ಲೆಸ್ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ, ಎದುರು ದಿಕ್ಕಿಗೆಂದೇ ಮಾಡಿದ ಪ್ರೊಪೆಲ್ಲರ್ ಹಾಕಿ, ಮೋಟಾರನ್ನು ಎಡಕ್ಕೆ ಓರೆ ಇಡಿ. ಮಾಮೂಲಿ ಪ್ರೊಪೆಲ್ಲರನ್ನೇ ಹಿಂದುಮುಂದು ತಿರುಗಿಸಿ ಕೂರಿಸಿದರೆ ಆಗುವುದಿಲ್ಲ, ಅದು ಆಗಲೂ ಅದೇ ಕೈಯ ಪ್ರೊಪೆಲ್ಲರೇ.

ಕೆರೆಯಂಗಳ:

ಎರಡು ಭಾನುವಾರ ಕಳೆದ ಮೇಲೆ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯವರು ಹೇಳಿದಂತೆ ಮೋಟಾರ್ ಹಿಡಿದು ಅಲುಗಾಡಿಸಿದೆ. ಫೈರ್‌ವಾಲಿನ ಕೆಳಗಿನ ಅಂಟು ಒಂದು ಮೂಲೆಯಲ್ಲಿ ಬಿಟ್ಟಿತ್ತು, ಹೊರಗಿನಿಂದ ಕಾಣುತ್ತಲೇ ಇರಲಿಲ್ಲ. ತ್ರಿಕೋನದ ತುಂಡು ಕೂರಿಸಿ ಎಪಾಕ್ಸಿ ಹಾಕಿದೆ. ವಾಷರ್ ಎಲ್ಲ ತೆಗೆದೆ. ಎಡಗಡೆ ಎರಡೂ ಸ್ಕ್ರೂಗಳ ಹಿಂದೆ ಮೂರು ಮೂರು ವಾಷರ್ ಹಾಕಿ ಅಳೆದೆ: ಈಗ ಎಡಗಡೆ ತುದಿ 10 ಮಿ.ಮೀ. ದೂರ, ಅಂದರೆ ಬಲಕ್ಕೆ ಸುಮಾರು 2.3 ಡಿಗ್ರಿ.

ಮೊದಲ ಭಾನುವಾರ ಭಾರಕೇಂದ್ರ 50 ಮಿ.ಮೀ.ಗೆ ತಂದು ಹಾರಿಸಿದೆ. ಇಳಿಜಾರಿನ ಪರೀಕ್ಷೆಯಲ್ಲಿ ಇನ್ನೂ ಬೇಗ ಮೂಗೆತ್ತಿತು. 52, ಆಮೇಲೆ 54. 54ರಲ್ಲಿ ಕೈಬಿಟ್ಟರೆ ಉದ್ದಕ್ಕೆ ಹೋಗಿ ನಿಧಾನವಾಗಿ ತಾನೇ ಎದ್ದಿತು. ಪ್ರತಿ ಸಲವೂ ಅರ್ಧ ಥ್ರಾಟಲ್‌ಗೆ ಮತ್ತೆ ಟ್ರಿಮ್ ಮಾಡಬೇಕಾಯಿತು, ಎಲಿವೇಟರ್ ಎಷ್ಟು ಮೇಲಕ್ಕಿತ್ತು ಎಂದು ಆಗ ಗೊತ್ತಾಯಿತು.

ಆಮೇಲೆ ಥ್ರಾಟಲ್ ಪರೀಕ್ಷೆ. ಬಾಲ್ಸಾಧೂಳು ಅವರು ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ. ಮುಂಚೆ ಒಂದೆರಡು ಸೆಕೆಂಡ್ ಬಿಟ್ಟು ಜೋರಾಗಿ ಏಳುತ್ತಿತ್ತು. ಈಗ ಆ ಭಾಗ ಹೋಗಿದೆ. ಉಳಿದದ್ದು ಥ್ರಾಟಲ್ ತಳ್ಳಿದ ಕ್ಷಣದ ಸಣ್ಣ ಎತ್ತುವಿಕೆ. ಎರಡನ್ನೂ ಒಂದೇ ಎಂದುಕೊಂಡು ವಾಷರ್ ಹಾಕುತ್ತಿದ್ದೆ.

ಒಂದು ಅನುಮಾನ: ಮೋಟಾರ್ ಬಲಕ್ಕೆ ತಿರುಗಿದ ಮೇಲೆ ಸ್ಪಿನ್ನರ್ (ಪ್ರೊಪೆಲ್ಲರಿನ ನಡುವಿನ ಟೊಪ್ಪಿ) ಮೂಗಿನ ನಡುವೆ ಇಲ್ಲ, ಬಲಕ್ಕೆ ಸರಿದಿದೆ. ತೊಂದರೆಯೇ?

ಬಾಲ್ಸಾಧೂಳು:

ನೀವು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಈಗ ಉಳಿದಿರುವ ಆ ಸಣ್ಣ ಎತ್ತುವಿಕೆಯೇ ಥ್ರಸ್ಟ್ ಲೈನಿನ ಪಾಲು. ಮೇಲಿನ ಸ್ಕ್ರೂಗಳಿಗೆ ಒಂದೊಂದೇ ವಾಷರ್ ಸೇರಿಸಿ ನೋಡಿ.

ಸ್ಪಿನ್ನರ್ ಸರಿದದ್ದರಿಂದ ಹಾರಾಟಕ್ಕೆ ಹೇಳುವಂಥ ತೊಂದರೆಯಿಲ್ಲ, ಕಣ್ಣಿಗೆ ಮಾತ್ರ. ಕೌಲ್ (ಮೋಟಾರಿನ ಸುತ್ತಲಿನ ಹೊದಿಕೆ) ಇರುವ ವಿಮಾನದಲ್ಲಿ ಅದು ಉಜ್ಜುತ್ತದೆ, ಹಾಗಾಗಿ ಮೌಂಟನ್ನೇ ಎಡಕ್ಕೆ ಸರಿಸಿ ತೂತು ಕೊರೆಯುತ್ತಾರೆ. ಫೈರ್‌ವಾಲಿನಿಂದ ಪ್ರೊಪೆಲ್ಲರಿಗೆ 45 ಮಿ.ಮೀ. ಇದ್ದರೆ 2.3 ಡಿಗ್ರಿಗೆ ಸುಮಾರು 1.8 ಮಿ.ಮೀ. ಎಡಕ್ಕೆ. ಡೌನ್ ಥ್ರಸ್ಟಿಗೆ ಇದೇ ಲೆಕ್ಕದಲ್ಲಿ ಮೇಲಕ್ಕೆ. ಮುಂದಿನ ವಿಮಾನಕ್ಕೆ ಕಟ್ಟುವಾಗಲೇ ಮಾಡಿ.

ರೈಟ್ ಥ್ರಸ್ಟ್ ಕೊನೆಯ ಪರೀಕ್ಷೆ: ಮೊದಲು ಥ್ರಾಟಲ್ ಇಳಿಸಿ ನೇರ ಬರುವಂತೆ ರಡ್ಡರ್ ಟ್ರಿಮ್ ಮಾಡಿ. ಆಮೇಲೆ ವಿಮಾನ ನಿಮ್ಮಿಂದ ದೂರಕ್ಕೆ ಹೋಗುತ್ತಿರುವಾಗ, ರೆಕ್ಕೆ ಮಟ್ಟ ಇದೆಯೆಂದು ಖಾತ್ರಿ ಮಾಡಿಕೊಂಡು, ಪೂರ್ತಿ ಥ್ರಾಟಲ್‌ನಲ್ಲಿ ಕಡಿದಾಗಿ ಮೇಲಕ್ಕೆ ಎಳೆಯಿರಿ. ಮೂಗು ಎಡಕ್ಕೆ ವಾಲಿದರೆ ಇನ್ನೂ ಬೇಕು, ಬಲಕ್ಕೆ ವಾಲಿದರೆ ಜಾಸ್ತಿಯಾಯಿತು. ಎಳೆಯುವಾಗ ರೆಕ್ಕೆ ಸ್ವಲ್ಪ ಓರೆ ಇದ್ದರೂ ಸುಳ್ಳು ಉತ್ತರ ಬರುತ್ತದೆ, ಹಾಗಾಗಿ ನಾಲ್ಕೈದು ಸಲ ಮಾಡಿ. ಅಡ್ಡಗಾಳಿ ಇದ್ದ ದಿನ ಬೇಡ.

ಮೂರನೇಸೆಮ್:

ನಾವೂ ಅಳೆದೆವು. 3 ಡಿಗ್ರಿ ಬಲಕ್ಕೆ ಎಂದುಕೊಂಡದ್ದು ನಿಜಕ್ಕೂ 4.5 ಇತ್ತು. ಶನಿವಾರ ಭಾರಕೇಂದ್ರದಿಂದ ಮತ್ತೆ ಶುರು.

ಕೆರೆಯಂಗಳ:

ಮುಗಿಯಿತು. ಡೌನ್ ಥ್ರಸ್ಟಿಗೆ ಎರಡು ವಾಷರ್ ಸಾಕಾಯಿತು. ಬೆಳಗ್ಗೆ ಆರೂವರೆಗೆ ಅರ್ಧದಿಂದ ಪೂರ್ತಿ ಥ್ರಾಟಲ್ ಕೊಟ್ಟೆ, ವಿಮಾನ ವೇಗ ಹಿಡಿದು ಸ್ವಲ್ಪ ಏರಿತು, ಅಷ್ಟೇ. ಕಡಿದಾಗಿ ಎಳೆದಾಗ ಐದರಲ್ಲಿ ನಾಲ್ಕು ಸಲ ನೇರ ಹೋಯಿತು. ಟೇಕಾಫ್‌ನಲ್ಲಿ ಮೊದಲ ಎರಡು-ಮೂರು ಸೆಕೆಂಡ್ ಈಗಲೂ ಎಡಕ್ಕೆ ಚೂರು ಹೋಗುತ್ತದೆ, ಅದನ್ನು ಹೆಬ್ಬೆರಳಿನಲ್ಲೇ ಹಿಡಿಯುತ್ತೇನೆ.

ಹುಬ್ಬಳ್ಳಿಹಕ್ಕಿ:

ಶಾಬಾಸ್! ಮೋಟಾರ್ ಬಿಚ್ಚೂ ಮೊದ್ಲ ಯಾವ ಸ್ಕ್ರೂಕ್ಕ ಎಷ್ಟು ವಾಷರ್ ಅಂತ ಬರದಿಡ್ರಿ. ಸ್ಕ್ರೂಕ್ಕ ತ್ರೆಡ್‌ಲಾಕ್ (ಸ್ಕ್ರೂ ಸಡಿಲ ಆಗದಂಗ ಹಿಡಿಯೂ ಅಂಟು) ಒಂದು ಹನಿ ಮರೀಬ್ಯಾಡ್ರಿ.

ಕೆರೆಯಂಗಳ:

ಹಚ್ಚಿದೆ. ಫೈರ್‌ವಾಲ್ ಮೇಲೆ ಮಾರ್ಕರ್‌ನಲ್ಲಿ, ಬಾಲದಿಂದ ನೋಡಿದಂತೆ, ಬರೆದಿಟ್ಟಿದ್ದೇನೆ: ಮೇಲೆ ಎಡ 5, ಮೇಲೆ ಬಲ 2, ಕೆಳಗೆ ಎಡ 3, ಕೆಳಗೆ ಬಲ 0. ಭಾರಕೇಂದ್ರ 54.